ಹಳೆಯ ಮಾರುತಿ 800ಕ್ಕೆ ಯಾವ ಎಂಜಿನ್: ಇರುವುದನ್ನೇ ಕಟ್ಟಿಸುವುದೋ, ಗುಜರಿಯದೋ, ಆಲ್ಟೊದ್ದೋ?

ಮಾರುತಿ 800 ಕಾರಿನ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ಅದರ ಮಾರಾಟ ಅದಕ್ಕೂ ಮೊದಲೇ, ಭಾರತ್ ಸ್ಟೇಜ್ 4 ಮಾಲಿನ್ಯ ನಿಯಮ ಜಾರಿಗೆ ಬಂದ 2010ರ ಏಪ್ರಿಲ್‌ನಲ್ಲಿ, ಮುಗಿದಿತ್ತು. ಆದ್ದರಿಂದ ಇಂದು ರಸ್ತೆಯಲ್ಲಿ ಕಾಣುವ 800ಗಳಲ್ಲಿ ತೀರ ಹೊಸದು ಎನ್ನಬಹುದಾದ ಕಾರಿಗೂ ಹತ್ತು ವರ್ಷ ದಾಟಿದೆ. ಬಾಡಿ ಗಟ್ಟಿಯಾಗಿದ್ದು, ಎಂಜಿನ್ ಮಾತ್ರ ಸೋತಿರುವ ಇಂಥ ಕಾರನ್ನು ಗ್ಯಾರೇಜಿಗೆ ಒಯ್ದರೆ ಸಲಹೆಗಳಿಗೆ ಬರವಿರುವುದಿಲ್ಲ. ಇದನ್ನೇ ಬೋರ್ ಮಾಡಿಸಿ (ಸವೆದ ಸಿಲಿಂಡರ್ ಕೊರೆಸಿ ಹೊಸ ಪಿಸ್ಟನ್ ಹಾಕಿಸಿ) ಎನ್ನುವವರು ಒಬ್ಬರು, ಗುಜರಿಯಿಂದ ಒಳ್ಳೆಯ ಎಂಜಿನ್ ತಂದುಕೊಡುತ್ತೇನೆ ಎನ್ನುವವರು ಇನ್ನೊಬ್ಬರು, ಹೇಗೂ ಬಿಚ್ಚುತ್ತೀರಲ್ಲ, ಆಲ್ಟೊದ ಎಂಜಿನ್ನನ್ನೇ ಕೂರಿಸಿಬಿಡಿ ಎನ್ನುವವರು ಮತ್ತೊಬ್ಬರು.

ಈ ಬರಹ ಆ ಆಯ್ಕೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುತ್ತದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಾರಿನ ಮಟ್ಟಿಗೆ ಎಂಜಿನ್ ಆಯ್ಕೆಯನ್ನು ಶಕ್ತಿಯ ಲೆಕ್ಕದಲ್ಲಾಗಲಿ, ಮೊದಲ ದಿನ ಕೈಬಿಡುವ ಹಣದ ಲೆಕ್ಕದಲ್ಲಾಗಲಿ ಮಾಡಬಾರದು. ಎಂಜಿನ್ನಿನ ಒಳಗಿನ ಸ್ಥಿತಿ ನಿಮಗೆಷ್ಟು ಗೊತ್ತು ಎಂಬುದನ್ನೂ, ಆರ್‌ಸಿಯಲ್ಲಿ ಬರೆದಿರುವುದಕ್ಕೆ ಅದು ಎಷ್ಟು ಹೊಂದುತ್ತದೆ ಎಂಬುದನ್ನೂ ನೋಡಿ ಮಾಡಬೇಕು. ಈ ಎರಡನ್ನೂ ಗಣನೆಗೆ ತೆಗೆದುಕೊಂಡರೆ ಮೊದಲ ನೋಟಕ್ಕೆ ಅಗ್ಗವಾಗಿ ಕಂಡದ್ದು ಎಷ್ಟೋ ಸಲ ದುಬಾರಿಯಾಗಿ ತೋರುತ್ತದೆ.

ನಿಮ್ಮ ಕಾರಿನಲ್ಲಿ ಈಗ ಇರುವುದೇನು

ಮಾರುತಿ 800ರ ಎಂಜಿನ್ನಿಗೆ ಸುಜುಕಿ ಇಟ್ಟ ಹೆಸರು ಎಫ್8ಬಿ. ಮೂರು ಸಿಲಿಂಡರ್, 796 ಸಿಸಿ, 68.5 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ), 72 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), ಸಿಲಿಂಡರಿಗೆ ಎರಡರಂತೆ ಆರು ವಾಲ್ವು. ಸಿಲಿಂಡರ್‌ಗಳಿರುವ ಬ್ಲಾಕ್ ಎರಕದ ಕಬ್ಬಿಣದ್ದು, ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಅಲ್ಯೂಮಿನಿಯಮ್ಮಿನದು. ಈ ಕೊನೆಯ ಮಾತು ಮುಂದೆ ಮುಖ್ಯವಾಗುತ್ತದೆ, ಏಕೆಂದರೆ ಕಾದಾಗ ಎರಡು ಲೋಹಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಎಂಜಿನ್ ಅತಿಯಾಗಿ ಬಿಸಿಯಾದರೆ ಮೊದಲು ಡೊಂಕಾಗುವುದು ಹೆಡ್, ಮೊದಲು ಸುಡುವುದು ಅವೆರಡರ ನಡುವಿನ ಗ್ಯಾಸ್ಕೆಟ್.

2000ದ ಆಸುಪಾಸಿನವರೆಗಿನ ಕಾರುಗಳಲ್ಲಿ ಇದೇ ಎಂಜಿನ್ ಕಾರ್ಬ್ಯುರೇಟರ್‌ನೊಂದಿಗೆ ಬರುತ್ತಿತ್ತು; ಆನಂತರದವು ಎಂಪಿಎಫ್ಐ, ಅಂದರೆ ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವಂಥವು. ಕಾರ್ಬ್ಯುರೇಟರ್ ಕಾರಿನಲ್ಲಿ ಪೆಟ್ರೋಲ್ ಪಂಪನ್ನು ಕ್ಯಾಮ್ ಶಾಫ್ಟೇ ಒತ್ತುತ್ತದೆ, ಕಂಪ್ಯೂಟರ್ ಎಂಬುದೇ ಇಲ್ಲ. ಎಂಪಿಎಫ್ಐನಲ್ಲಿ ವಿದ್ಯುತ್ ಪಂಪು, ಇಂಜೆಕ್ಟರ್, ಸೆನ್ಸರ್, ಅವನ್ನೆಲ್ಲ ಆಳುವ ಕಂಪ್ಯೂಟರಾದ ಇಸಿಯು, ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲವೂ ಇವೆ. ಎರಡನ್ನೂ ‘800 ಎಂಜಿನ್’ ಎಂದೇ ಮಾರುವುದರಿಂದ, ಕೊಳ್ಳುವ ಮೊದಲು ನಿಮ್ಮದು ಯಾವುದು, ತರುತ್ತಿರುವುದು ಯಾವುದು ಎಂಬುದನ್ನು ಖಚಿತ ಮಾಡಿಕೊಳ್ಳಬೇಕು. ಎಂಪಿಎಫ್ಐ ಕಾರಿಗೆ ಕಾರ್ಬ್ಯುರೇಟರ್ ಎಂಜಿನ್ ಹಾಕಿ ‘ತಲೆನೋವು ಹೋಯಿತು’ ಎನ್ನುವ ಮೆಕ್ಯಾನಿಕ್‌ಗಳಿದ್ದಾರೆ. ತಲೆನೋವು ಹೋಗುವುದಿಲ್ಲ, ಎಮಿಷನ್ ಟೆಸ್ಟಿನ ದಿನ ಮತ್ತೆ ಬರುತ್ತದೆ. ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 3ರವರೆಗೆ ಇರಬಹುದಾದರೆ, ಸ್ಟೇಜ್ 2 ಮತ್ತು 3ರ ಕಾರಿಗೆ ಮಿತಿ ಶೇ. 0.5 ಮಾತ್ರ. ಕನ್ವರ್ಟರ್ ಇಲ್ಲದ ಕಾರ್ಬ್ಯುರೇಟರ್ ಎಂಜಿನ್ ಆ ಮಿತಿಯೊಳಗೆ ನಿಲ್ಲುವುದು ಕಷ್ಟ.

ಬದಲಾಯಿಸಲೇಬೇಕೇ?

ಎಂಜಿನ್ ಬದಲಿಸುವ ಮಾತು ಬಂದಾಗ ಮೊದಲು ಮಾಡಿಸಬೇಕಾದ್ದು ಕಂಪ್ರೆಷನ್ ಪರೀಕ್ಷೆ. ಎಂಜಿನ್ ಬಿಸಿಯಿರುವಾಗ ಮೂರೂ ಪ್ಲಗ್ ಬಿಚ್ಚಿ, ಒಂದೊಂದೇ ತೂತಿಗೆ ಗೇಜು ಹಿಡಿದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಸೆಲ್ಫ್ ಹೊಡೆದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತಿದೆ ಎಂದು ತಿಳಿಯುತ್ತದೆ. ಮೂರೂ ಸಮವಾಗಿ ಕಡಿಮೆಯಾಗಿದ್ದರೆ ಸವೆತ. ಒಂದೇ ಒಂದು ಕುಸಿದಿದ್ದರೆ ಆ ಸಿಲಿಂಡರಿನ ವಾಲ್ವು ಅಥವಾ ಪಿಸ್ಟನ್ನಿನ ಸುತ್ತಲಿನ ರಿಂಗಿನ ತೊಂದರೆ. ಅಕ್ಕಪಕ್ಕದ ಎರಡು ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಇದಾದ ಮೇಲೆ, ಕಡಿಮೆ ತೋರಿಸಿದ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಮತ್ತೊಮ್ಮೆ ಅಳೆಯಬೇಕು. ಒತ್ತಡ ಏರಿದರೆ ರಿಂಗು, ಬೋರು ಸವೆದಿವೆ ಎಂದರ್ಥ, ಏಕೆಂದರೆ ಆಯಿಲ್ ಅಲ್ಲಿನ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿದೆ. ಏರದಿದ್ದರೆ ತೊಂದರೆ ಮೇಲಿನ ಭಾಗದಲ್ಲಿದೆ, ಹೆಡ್ ಕೆಲಸದಲ್ಲೇ ಮುಗಿಯಬಹುದು.

ಹೊಗೆಯ ಬಣ್ಣವೂ ಒಂದಿಷ್ಟು ಹೇಳುತ್ತದೆ. ರಾತ್ರಿಯಿಡೀ ನಿಂತ ಕಾರನ್ನು ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಂತರ ನಿಂತುಹೋದರೆ ಬಹುಮಟ್ಟಿಗೆ ಅದು ವಾಲ್ವ್ ಸ್ಟೆಮ್ಮಿನ ರಬ್ಬರ್ ಸೀಲ್. ಏರು ಹತ್ತುವಾಗ, ವೇಗ ಹೆಚ್ಚಿಸುವಾಗ ಬಿಡದೆ ಬಂದರೆ ರಿಂಗು. ರೇಡಿಯೇಟರ್ ನೀರು ಸೋರಿಕೆ ಕಾಣದೆಯೂ ಇಳಿಯುತ್ತಿದ್ದು, ಬಿಳಿ ಹೊಗೆ ಬಂದು, ಆಯಿಲ್ ತುಂಬುವ ಮುಚ್ಚಳದ ಒಳಗೆ ಹಾಲಿನ ಕೆನೆಯ ಬಣ್ಣದ ಜಿಡ್ಡು ಕಟ್ಟಿದ್ದರೆ ಗ್ಯಾಸ್ಕೆಟ್ ಅಥವಾ ಹೆಡ್. ನಮ್ಮ ಬಯಲುಸೀಮೆಯ ಕಾರುಗಳಲ್ಲಿ, ಅದರಲ್ಲೂ ಕೋಲಾರ, ಚಿಕ್ಕಬಳ್ಳಾಪುರದ ಕಡೆಯವುಗಳಲ್ಲಿ, ಈ ಕೊನೆಯ ತೊಂದರೆಗೆ ಒಂದು ಸರಳ ಕಾರಣವಿರುತ್ತದೆ: ಕೂಲೆಂಟಿನ ಬದಲು ವರ್ಷಗಟ್ಟಲೆ ಸುರಿದ ಬೋರ್‌ವೆಲ್‌ನ ಗಡಸು ನೀರು. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟಿಕೊಂಡು ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ. ಇಂಥ ಕಾರಿಗೆ ಬೇರೆ ಎಂಜಿನ್ ತಂದು ಹಾಕಿ ಅದೇ ರೇಡಿಯೇಟರ್ ಉಳಿಸಿಕೊಂಡರೆ ಹೊಸದಾಗಿ ಬಂದದ್ದೂ ಅದೇ ದಾರಿ ಹಿಡಿಯುತ್ತದೆ.

ಕೆಳಗಿನಿಂದ ಗುಡುಗುಡು ಸದ್ದು, ಅದರೊಂದಿಗೆ ಐಡಲ್‌ನಲ್ಲಿ ಆಯಿಲ್ ದೀಪ ಮಿಣುಕುವುದು, ಇವೆರಡೂ ಒಟ್ಟಿಗಿದ್ದರೆ ಮಾತ್ರ ವಿಷಯ ಗಂಭೀರ. ಪಿಸ್ಟನ್‌ಗಳ ಓಟವನ್ನು ಸುತ್ತಾಗಿಸುವ ಕ್ರಾಂಕ್ ಶಾಫ್ಟಿನ ಬೇರಿಂಗ್‌ಗಳು ಹೋಗಿವೆ ಎಂಬುದಕ್ಕೆ ಅದು ಸೂಚನೆ. ಅಂಥ ಕಾರನ್ನು ಇನ್ನೂ ಓಡಿಸಿದರೆ ರಿಪೇರಿಗೆ ಬರುವ ಕ್ರಾಂಕ್ ರಿಪೇರಿಗೆ ಬಾರದ್ದಾಗುತ್ತದೆ.

ಇರುವ ಎಂಜಿನ್ನನ್ನೇ ಕಟ್ಟಿಸುವುದು

ಎಫ್8ಬಿಯ ಕಬ್ಬಿಣದ ಬ್ಲಾಕ್ ಮರುಜೀವಕ್ಕೆ ಒಗ್ಗುವಂಥದ್ದು. ಸವೆದ ಸಿಲಿಂಡರನ್ನು ಲೇತಿನಲ್ಲಿ ಕೊರೆಸಿ, 0.25 ಮಿ.ಮೀ. ಅಥವಾ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಅದನ್ನೂ ಮೀರಿದ್ದರೆ ಸ್ಲೀವ್ (ಒಳಗೆ ಕೂರಿಸುವ ಹೊಸ ಕೊಳವೆ) ಹೊಡೆಸಿ ಮೂಲ ಅಳತೆಗೇ ಮರಳಬಹುದು. ಕ್ರಾಂಕನ್ನೂ ಹಾಗೆಯೇ ಗ್ರೈಂಡ್ ಮಾಡಿಸಿ, ತಕ್ಕ ಅಂಡರ್‌ಸೈಜ್ ಬೇರಿಂಗ್ ಹಾಕಲಾಗುತ್ತದೆ.

ಈ ಆಯ್ಕೆಯ ಗುಣ ನಿಂತಿರುವುದು ಮೆಕ್ಯಾನಿಕ್‌ನ ಮೇಲಲ್ಲ, ಲೇತಿನವರ ಮೇಲೆ. ಬ್ಲಾಕನ್ನು ಲೇತಿಗೆ ಒಯ್ಯುವ ದಿನ ನೀವೂ ಜೊತೆಗೆ ಹೋಗಿ ನೋಡುವುದು ಒಳ್ಳೆಯದು. ಕೆಲಸ ಬಲ್ಲವರು ಡಯಲ್ ಗೇಜನ್ನು ಸಿಲಿಂಡರಿನ ಒಳಗಿಳಿಸಿ ಮೇಲೆ, ನಡುವೆ, ಕೆಳಗೆ ಮೂರು ಕಡೆ, ಪ್ರತಿ ಕಡೆಯೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆದು, ಬ್ಲಾಕಿನ ಮೇಲೆಯೇ ಸೀಮೆಸುಣ್ಣದಲ್ಲಿ ಬರೆದುಕೊಳ್ಳುತ್ತಾರೆ. ಪಿಸ್ಟನ್ನಿನ ಮೇಲಿನ ರಿಂಗು ಹೊರಳುವ ಜಾಗದಲ್ಲಿ ಸವೆತ ಹೆಚ್ಚು. ಅದಕ್ಕೂ ಮೇಲೆ, ರಿಂಗು ಮುಟ್ಟದ ಕಡೆ, ಲೋಹ ಮೊದಲಿನ ದಪ್ಪದಲ್ಲೇ ಉಳಿದು ಒಂದು ಸಣ್ಣ ಮೆಟ್ಟಿಲಾಗಿರುತ್ತದೆ. ಉಗುರು ಎಳೆದರೆ ಅದು ತಡೆಯುವುದು ನಿಮಗೇ ತಿಳಿಯುತ್ತದೆ. ಗೇಜನ್ನೇ ಹಿಡಿಯದೆ ಕಣ್ಣಳತೆಯಲ್ಲಿ ‘ಐವತ್ತು ಹಾಕೋಣ’ ಎನ್ನುವ ಲೇತಿನಿಂದ ಬ್ಲಾಕನ್ನು ವಾಪಸ್ ತನ್ನಿ. ಇನ್ನೊಂದು ನಿಯಮ: ಪಿಸ್ಟನ್ ಸೆಟ್ ಮೊದಲು ಕೊಂಡು, ಅದನ್ನು ಬ್ಲಾಕಿನ ಜೊತೆಗೇ ಕೊಡಬೇಕು. ಪಿಸ್ಟನ್ನಿನ ನಿಜವಾದ ಅಳತೆ ನೋಡಿ ಬೋರ್ ಕೊರೆಯಬೇಕೇ ಹೊರತು, ಬೋರ್ ಕೊರೆದ ಮೇಲೆ ಅದಕ್ಕೊಪ್ಪುವ ಪಿಸ್ಟನ್ ಹುಡುಕುವುದಲ್ಲ.

ಹೆಡ್ಡಿನ ಕೆಳಮೈಯನ್ನು ನೇರವಾದ ಉಕ್ಕಿನ ಪಟ್ಟಿ ಇಟ್ಟು, ಸಂದಿನಲ್ಲಿ ಫೀಲರ್ ಗೇಜ್ ತೂರಿಸಿ ನೋಡುತ್ತಾರೆ. ಸುಜುಕಿಯ ಮಿತಿ 0.05 ಮಿ.ಮೀ.; ಅದನ್ನು ಮೀರಿದ್ದರೆ ಫೇಸಿಂಗ್ ಮಾಡಿಸಬೇಕು, ಅಂದರೆ ಆ ಮೈಯನ್ನು ತುಸು ಕೊರೆಸಿ ಸಮತಟ್ಟು ಮಾಡಿಸಬೇಕು. ಹಿಂದೆ ಎರಡು ಮೂರು ಸಲ ಫೇಸಿಂಗ್ ಆಗಿರುವ ಹೆಡ್ ತೆಳ್ಳಗಾಗಿ ಕಂಪ್ರೆಷನ್ ಅನಗತ್ಯವಾಗಿ ಏರುತ್ತದೆ, ಎಂಜಿನ್ ನಾಕ್ ಆಗತೊಡಗುತ್ತದೆ (ಕಟಕಟ ಬಡಿಯುತ್ತದೆ). ಅಂಥದ್ದಕ್ಕೆ ಬೇರೆ ಹೆಡ್ಡನ್ನೇ ನೋಡಬೇಕು.

ಕಾರ್ಬ್ಯುರೇಟರ್ ಕಾರಿನವರು ಇದೇ ಹೊತ್ತಿನಲ್ಲಿ ಇನ್ನೊಂದು ಕೆಲಸ ಮುಗಿಸಿಕೊಳ್ಳಬೇಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಈ ಕಾರುಗಳು ತಯಾರಾದ ಕಾಲದ ರಬ್ಬರ್ ಪೈಪು, ಪಂಪಿನ ಡಯಾಫ್ರಂ, ಕಾರ್ಬ್ಯುರೇಟರಿನ ಗ್ಯಾಸ್ಕೆಟ್‌ಗಳನ್ನು ಅದಕ್ಕಾಗಿ ಮಾಡಿರಲಿಲ್ಲ. ಎಂಜಿನ್ ಹೊರಗಿರುವಾಗಲೇ ಈ ಪೆಟ್ರೋಲಿಗೆ (ಇ20) ಒಗ್ಗುವ ಪೈಪು, ಕಿಟ್ ಹಾಕಿಸಿದರೆ ಪೆಟ್ರೋಲ್ ಸೋರಿಕೆಯ ಭಯ ಕಡಿಮೆಯಾಗುತ್ತದೆ.

ಕಟ್ಟಿಸುವ ಆಯ್ಕೆಯ ದೋಷ ಸಮಯ. ಬಿಚ್ಚಿದ ಮೇಲೆ ಏನು ಕಾಣುತ್ತದೋ ಹೇಳಲಾಗದು, ಲೇತಿನ ಸರದಿ ಕಾಯಬೇಕು, ಒಂದು ಬೇರಿಂಗ್ ಸಿಗದೆ ಕೆಲಸ ನಿಲ್ಲಬಹುದು. ಅಂದಾಜು ಪಟ್ಟಿಯನ್ನು ಒಟ್ಟು ಮೊತ್ತವಾಗಿ ಒಪ್ಪಿಕೊಳ್ಳದೆ ಸಾಮಾನು, ಲೇತಿನ ಕೂಲಿ, ಫಿಟ್ಟಿಂಗ್ ಕೂಲಿ ಎಂದು ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು. ತೆಗೆದ ಹಳೆಯ ಪಿಸ್ಟನ್, ಬೇರಿಂಗ್‌ಗಳನ್ನು ನಿಮಗೇ ಕೊಡಬೇಕೆಂದು ಮೊದಲೇ ಹೇಳಿರಬೇಕು. ಇದಕ್ಕೆ ಪ್ರತಿಯಾಗಿ ಸಿಗುವ ಲಾಭ ದೊಡ್ಡದು. ಒಳಗೆ ಏನೇನು ಹೊಸದು ಎಂಬುದು ನಿಮಗೆ ಗೊತ್ತಿರುತ್ತದೆ, ಬ್ಲಾಕಿನ ಮೇಲೆ ಕೊರೆದ ಎಂಜಿನ್ ನಂಬರು ಆರ್‌ಸಿಯಲ್ಲಿರುವುದೇ ಆಗಿರುತ್ತದೆ, ಆರ್‌ಟಿಒ ಕಚೇರಿಯ ಮೆಟ್ಟಿಲು ಹತ್ತುವ ಅಗತ್ಯವೇ ಬರುವುದಿಲ್ಲ.

ಗುಜರಿಯ ಎಂಜಿನ್

ಬೆಂಗಳೂರಿನಲ್ಲಿ ಹೊಸ ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರದ ಗುಜರಿ ಎಂಬುದು ಬಹುಕಾಲದ ರೂಢಿ. ಅಪಘಾತದಲ್ಲಿ ನುಜ್ಜಾದ ಅಥವಾ ಬಾಡಿ ಕೊಳೆತ ಕಾರಿನಿಂದ ಕಳಚಿದ ಎಂಜಿನ್‌ಗಳು ಇಂಥ ಕಡೆ ಸಿಗುತ್ತವೆ. ಎರಡು ದಿನದಲ್ಲಿ ಕಾರು ಮತ್ತೆ ಓಡುತ್ತದೆ ಎಂಬುದೇ ಇದರ ದೊಡ್ಡ ಆಕರ್ಷಣೆ, ಮತ್ತು ಬ್ಲಾಕ್ ಸೀಳಿದ ಅಥವಾ ಕನೆಕ್ಟಿಂಗ್ ರಾಡ್ ತುಂಡಾಗಿ ಪಕ್ಕಕ್ಕೆ ತೂತು ಬಿದ್ದ ಕಾರಿಗೆ ಇದು ಸರಿಯಾದ ಆಯ್ಕೆಯೂ ಹೌದು. ಮಿಕ್ಕ ಸಂದರ್ಭಗಳಲ್ಲಿ, ಗೊತ್ತಿರುವ ರೋಗವನ್ನು ಕೊಟ್ಟು ಗೊತ್ತಿಲ್ಲದ ರೋಗವನ್ನು ತಂದುಕೊಳ್ಳುವ ವ್ಯವಹಾರವಾಗಿಬಿಡಬಹುದು.

ಅಂಗಡಿಯಲ್ಲಿ ಎಂಜಿನ್ ನೆಲದ ಮೇಲಿರುತ್ತದೆ, ಓಡಿಸಿ ನೋಡಲಾಗದು. ಆದರೂ ನೋಡಬಹುದಾದದ್ದು ಬಹಳಷ್ಟಿದೆ. ಹೊರಮೈ ಸೀಮೆಎಣ್ಣೆಯಲ್ಲಿ ತೊಳೆದು ಬೆಳ್ಳಿ ಬಣ್ಣ ಬಳಿದಿದ್ದರೆ ಮೆಚ್ಚಬೇಡಿ. ಧೂಳು, ಜಿಡ್ಡು ಹಾಗೇ ಇರುವ ಎಂಜಿನ್ ಎಲ್ಲಿ ಸೋರುತ್ತಿತ್ತು ಎಂಬುದನ್ನು ತಾನೇ ತೋರಿಸುತ್ತದೆ. ಪುಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎರಡು ಪೂರ್ತಿ ಸುತ್ತು ತಿರುಗಿಸಿ, ಎಲ್ಲಿಯೂ ಕಚ್ಚದೆ ಸಮವಾಗಿ ತಿರುಗಬೇಕು. ಪುಲಿಯನ್ನು ಹಿಡಿದು ಹಿಂದೆ ಮುಂದೆ ಅಲುಗಿಸಿದಾಗ ಕೈಗೆ ತಿಳಿಯುವಷ್ಟು ಆಟ ಇದ್ದರೆ ಕ್ರಾಂಕಿನ ಥ್ರಸ್ಟ್ ಬೇರಿಂಗ್ ಸವೆದಿದೆ. ಪ್ಲಗ್ ಬಿಚ್ಚಿಸಿ ನೋಡಿ: ತುದಿ ತಿಳಿ ಕಂದು ಬಣ್ಣವಿದ್ದರೆ ಚೆನ್ನ, ಒದ್ದೆ ಕಪ್ಪಿದ್ದರೆ ಆಯಿಲ್ ಸುಡುತ್ತಿತ್ತು. ಆಯಿಲ್ ಮುಚ್ಚಳದ ಕೆಳಗೆ ಬೆರಳು ಹಾಕಿ ಕೆನೆಯಂಥ ಜಿಡ್ಡಿದೆಯೇ ನೋಡಿ. ಬ್ಲಾಕಿನ ಪಕ್ಕದಲ್ಲಿರುವ ದುಂಡನೆಯ ತಗಡಿನ ಬಿರಡೆಗಳು ತುಕ್ಕು ಹಿಡಿದು ಉಬ್ಬಿದ್ದರೆ ಒಳಗೆ ಕೂಲೆಂಟ್ ಕಂಡಿರಲಿಲ್ಲ ಎಂದು ತಿಳಿಯಿರಿ. ಕರಾವಳಿಯ ಕಾರಿನಿಂದ ಬಂದ ಎಂಜಿನ್ನಿನಲ್ಲಿ ಹೊರಗಿನ ತುಕ್ಕೂ ಇದಕ್ಕೆ ಸೇರಿಕೊಂಡಿರುತ್ತದೆ. ಹೆಡ್ ಮತ್ತು ಕೆಳಗಿನ ಆಯಿಲ್ ತಟ್ಟೆಯ (ಸಂಪ್) ಅಂಚಿನಲ್ಲಿ ಸಿಲಿಕಾನ್ ಅಂಟು ಹೊರಗೆ ಹಿಂಡಿ ಬಂದಿದ್ದರೆ ಯಾರೋ ಒಮ್ಮೆ ಬಿಚ್ಚಿ ಅವಸರದಲ್ಲಿ ಮುಚ್ಚಿದ್ದಾರೆ.

ಗ್ಯಾರಂಟಿಯ ಮಾತು ಬಾಯಲ್ಲೇ ಉಳಿಯುವ ವ್ಯಾಪಾರವಿದು. ‘ಸ್ಟಾರ್ಟಿಂಗ್ ಗ್ಯಾರಂಟಿ’ ಎಂದರೆ ಸ್ಟಾರ್ಟ್ ಆಗುತ್ತದೆ ಎಂಬುದಷ್ಟೇ, ಓಡುತ್ತದೆ ಎಂದಲ್ಲ. ಫಿಟ್ ಮಾಡಿ ಕಂಪ್ರೆಷನ್ ನೋಡುವವರೆಗೆ ವಾಪಸ್ ಪಡೆಯುವ ಒಪ್ಪಂದವನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಎಂಜಿನ್ ಬೆಲೆಯ ಜೊತೆಗೆ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಮುಂದಿನ ಹಿಂದಿನ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ಎಂಜಿನ್ ಮೌಂಟಿಂಗ್ ರಬ್ಬರ್‌ಗಳ ಬೆಲೆಯನ್ನೂ ಕೂಡಿಸಿಯೇ ಹೋಲಿಸಬೇಕು. ಎಂಜಿನ್ ಹೊರಗಿರುವಾಗ ಇವನ್ನು ಬದಲಿಸದೆ ಉಳಿಸಿದ ಹಣ, ಆರು ತಿಂಗಳಲ್ಲಿ ಸೀಲ್ ಒಡೆದಾಗ ಮತ್ತೆ ಗೇರ್‌ಬಾಕ್ಸ್ ಇಳಿಸುವ ಕೂಲಿಗೇ ಹೋಗುತ್ತದೆ. ಇಷ್ಟನ್ನೆಲ್ಲ ಕೂಡಿಸಿದರೆ ಗುಜರಿಯ ಎಂಜಿನ್ನಿಗೂ ಇರುವುದನ್ನೇ ಕಟ್ಟಿಸುವುದಕ್ಕೂ ಇದ್ದ ಅಂತರ ಅಂದುಕೊಂಡಷ್ಟು ಉಳಿದಿರುವುದಿಲ್ಲ.

ಓಮ್ನಿಯಲ್ಲಿರುವುದೂ ಎಫ್8ಬಿಯೇ ಅಲ್ಲವೇ, ಅದು ಇನ್ನೂ ಹೊಸದು ಸಿಗುತ್ತದೆ ಎಂಬ ವಾದವೂ ಕೇಳಿಬರುತ್ತದೆ. ಓಮ್ನಿ 2019ರವರೆಗೂ ತಯಾರಾಗಿದ್ದರಿಂದ ವಾದದಲ್ಲಿ ಹುರುಳಿದೆ. ಆದರೆ 800ರಲ್ಲಿ ಎಂಜಿನ್ ಅಡ್ಡವಾಗಿ ಕೂತು ಮುಂದಿನ ಚಕ್ರಗಳನ್ನು ಎಳೆದರೆ, ಓಮ್ನಿಯಲ್ಲಿ ಸೀಟಿನ ಕೆಳಗೆ ಉದ್ದುದ್ದವಾಗಿ ಕೂತು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಪಿಸ್ಟನ್, ರಿಂಗಿನಂಥ ಒಳಭಾಗಗಳನ್ನು ಅಳತೆ ನೋಡಿ ಬಳಸಬಹುದಾದರೂ, ಇಡೀ ಎಂಜಿನ್ನನ್ನು ಹಾಗೇ ಎತ್ತಿ ಇಡುವ ಕೆಲಸವಲ್ಲ ಇದು. ಈ ಎರಡೂ ಕಾರುಗಳ ಎಂಜಿನ್ ಹಲವು ಸಲ ಅದಲುಬದಲು ಮಾಡಿದ ಮೆಕ್ಯಾನಿಕ್ ನಿಮಗೆ ಗೊತ್ತಿಲ್ಲದಿದ್ದರೆ ಬಿಟ್ಟುಬಿಡಿ.

ಪಿಸ್ಟನ್, ಕ್ರಾಂಕ್ ಸಮೇತ ಜೋಡಿಸಿದ ಹೊಸ ಹಾಫ್ ಎಂಜಿನ್ ಕಂಪನಿಯ ಬಿಡಿಭಾಗದ ಮಳಿಗೆಯಲ್ಲಿ ಸಿಕ್ಕರೆ ಅದಕ್ಕಿಂತ ನೆಮ್ಮದಿಯದು ಬೇರಿಲ್ಲ. ನಿಂತುಹೋದ ಮಾದರಿಯಾದ್ದರಿಂದ ಸಿಗುವುದೇ ಪ್ರಶ್ನೆ. ವಿಚಾರಿಸಿ, ಸಿಗದಿದ್ದರೆ ಮುಂದಕ್ಕೆ ಹೋಗಿ.

ಆಲ್ಟೊದ ಎಂಜಿನ್

2000ದಲ್ಲಿ ಬಂದ ಆಲ್ಟೊದಲ್ಲಿ ಇರುವುದು ಎಫ್8ಡಿ. ಇದೂ ಮೂರು ಸಿಲಿಂಡರ್, ಇದೂ 796 ಸಿಸಿ, ಆದರೆ ಸಿಲಿಂಡರಿಗೆ ನಾಲ್ಕರಂತೆ ಹನ್ನೆರಡು ವಾಲ್ವು. 800ರ ಎಂಜಿನ್ 37 ಅಶ್ವಶಕ್ತಿ ಕೊಟ್ಟರೆ ಇದು 45ರ ಸುತ್ತ ಕೊಡುತ್ತದೆ. ಜೊತೆಗೆ ನಾಲ್ಕು ಗೇರಿನ ಬದಲು ಐದು ಗೇರು. ಕಂಪನಿಯೇ ಕೆಲ ಕಾಲ ಈ ಹನ್ನೆರಡು ವಾಲ್ವಿನ ಎಂಜಿನ್ನನ್ನೂ ಐದು ಗೇರಿನ ಪೆಟ್ಟಿಗೆಯನ್ನೂ 800ರಲ್ಲಿಟ್ಟು ಮಾರಿದ್ದುಂಟು. ಹಾಗಾಗಿ ಜಾಗದ ಮಟ್ಟಿಗೆ ಇದು ಹೊಂದುವ ಎಂಜಿನ್ ಎಂಬುದರಲ್ಲಿ ಅನುಮಾನವಿಲ್ಲ, ಮತ್ತು ಸಿಸಿ ಬದಲಾಗದಿರುವುದು ಕಾಗದದ ಮಟ್ಟಿಗೂ ಅನುಕೂಲ. ಆಲ್ಟೊಗಳು ರಸ್ತೆಯಲ್ಲಿ ಹೇರಳವಾಗಿರುವುದರಿಂದ ಬಿಡಿಭಾಗಕ್ಕೆ ಪರದಾಡಬೇಕಿಲ್ಲ.

ನಿಮ್ಮದು ಎಂಪಿಎಫ್ಐ 800 ಆಗಿದ್ದರೆ ಇದನ್ನು ಗಂಭೀರವಾಗಿಯೇ ಯೋಚಿಸಬಹುದು. ಟ್ಯಾಂಕಿನಲ್ಲಿ ವಿದ್ಯುತ್ ಪಂಪು, ಅಧಿಕ ಒತ್ತಡದ ಪೈಪು ಆಗಲೇ ಇವೆ. ಬದಲಾಗಬೇಕಾದ್ದು ಎಂಜಿನ್, ಅದರದೇ ಇಸಿಯು, ಅದರದೇ ವೈರಿಂಗ್. ಕಾರ್ಬ್ಯುರೇಟರ್ ಕಾರಿಗಾದರೆ ಇದು ಎಂಜಿನ್ ಬದಲಾವಣೆಯಲ್ಲ, ಅರ್ಧ ಕಾರಿನ ಬದಲಾವಣೆ. ಟ್ಯಾಂಕು, ಪಂಪು, ಪೈಪು, ಡ್ಯಾಶ್‌ಬೋರ್ಡಿನವರೆಗಿನ ವೈರಿಂಗ್, ಆಕ್ಸಿಜನ್ ಸೆನ್ಸರ್, ಕನ್ವರ್ಟರ್ ಇರುವ ಸೈಲೆನ್ಸರ್ ಪೈಪು ಎಲ್ಲವೂ ಹೊಸದಾಗಿ ಬರಬೇಕು. ಇವನ್ನು ಬಿಡಿಬಿಡಿಯಾಗಿ ಕೊಳ್ಳಹೊರಟವರಿಗೆ ಕೊನೆಯ ಒಂದು ಕನೆಕ್ಟರ್ ಸಿಗದೆ ಕಾರು ತಿಂಗಳುಗಟ್ಟಲೆ ಗ್ಯಾರೇಜಿನ ಮೂಲೆಯಲ್ಲಿ ನಿಲ್ಲುವುದು ಹೊಸದೇನಲ್ಲ. ಒಂದೇ ಕಾರಿನಿಂದ ಕಳಚಿದ ಪೂರ್ತಿ ಸೆಟ್ ಕೇಳಿ. ವೈರುಗಳನ್ನು ಕತ್ತರಿಸದೆ, ಪ್ಲಗ್ ಸಮೇತ ಬಿಚ್ಚಿರಬೇಕು. ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆ) ಇರುವ ಆಲ್ಟೊದಿಂದ ಬಂದದ್ದಾದರೆ ಅದೇ ಕಾರಿನ ಕೀಲಿಯೂ ಇಸಿಯುವಿನ ಜೊತೆಗೇ ಬರಬೇಕು, ಇಲ್ಲವಾದರೆ ಸೆಲ್ಫ್ ಹೊಡೆದರೂ ಎಂಜಿನ್ ಹತ್ತದು. ಕೊನೆಗೆ, ಎಲೆಕ್ಟ್ರಿಕಲ್ ಕೆಲಸ ಬಲ್ಲ, ಸ್ಕ್ಯಾನರ್ ಇಟ್ಟುಕೊಂಡಿರುವ ಗ್ಯಾರೇಜ್ ನಿಮ್ಮೂರಿನಲ್ಲಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಹಳ್ಳಿಗಾಡಿನಲ್ಲಿ ಕಾರ್ಬ್ಯುರೇಟರ್ 800ರ ದೊಡ್ಡ ಬಲವೆಂದರೆ ಯಾವ ಸರ್ಕಲ್ಲಿನ ಮೆಕ್ಯಾನಿಕ್ ಆದರೂ ಅದನ್ನು ಓಡಿಸಿಕೊಡುತ್ತಾನೆ ಎಂಬುದು. ಆ ಬಲವನ್ನು ಎಂಟು ಅಶ್ವಶಕ್ತಿಗಾಗಿ ಬಿಟ್ಟುಕೊಡುವ ಮುನ್ನ ಎರಡು ಸಲ ಯೋಚಿಸುವುದು ಲೇಸು.

ಇನ್ನೂ ದೊಡ್ಡದು

ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ನಾಲ್ವರನ್ನು ಕೂರಿಸಿಕೊಂಡು 800 ಹತ್ತಿಸಿದವರಿಗೆ ವ್ಯಾಗನ್ ಆರ್‌ನ 1061 ಸಿಸಿ ಎಂಜಿನ್ನೋ, ಝೆನ್‌ನ 993 ಸಿಸಿ ಎಂಜಿನ್ನೋ ಇದ್ದಿದ್ದರೆ ಎಂದು ಅನಿಸುವುದು ಸಹಜ. ಎರಡೂ ನಾಲ್ಕು ಸಿಲಿಂಡರಿನವು, ಎರಡನ್ನೂ 800ಕ್ಕೆ ಹಾಕಿಸಿಕೊಂಡವರಿದ್ದಾರೆ. ನಾನು ಇದನ್ನು ಸೂಚಿಸುವುದಿಲ್ಲ. 800 ಕಾರಿನ ತೂಕ ಸುಮಾರು 650 ಕೆ.ಜಿ.; ಅದರ ಹನ್ನೆರಡು ಇಂಚಿನ ಚಕ್ರ, ಬ್ರೇಕು, ಸಸ್ಪೆನ್ಷನ್ ಎಲ್ಲವೂ ಮೂರು ಸಿಲಿಂಡರಿನ 37 ಅಶ್ವಶಕ್ತಿಗೆ ಎಂದು ಮಾಡಿದ್ದು. ಘಾಟಿ ಹತ್ತುವಾಗ ಸಿಗುವ ಸುಖಕ್ಕಿಂತ ಇಳಿಯುವಾಗಿನ ಬ್ರೇಕಿನ ಚಿಂತೆ ದೊಡ್ಡದು. ಅದಲ್ಲದೆ ಸಿಸಿಯೂ ಬದಲಾಗುವುದರಿಂದ ಕಾನೂನಿನ ತೊಡಕು ಇಲ್ಲಿ ಅತಿ ಹೆಚ್ಚು.

ಆರ್‌ಸಿ ಹೇಳುವುದೇನು

ಆರ್‌ಸಿಯಲ್ಲಿ ಎಂಜಿನ್ ನಂಬರ್, ಚಾಸಿಸ್ ನಂಬರ್, ಸಿಸಿ, ಇಂಧನ ಎಲ್ಲವೂ ನಮೂದಾಗಿರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಹೊಂದದಂತೆ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ಮಾತನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ ಸೆಕ್ಷನ್ 182ಎ ಪ್ರಕಾರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸಜೆ, ಅಥವಾ ಎರಡೂ ಆಗಬಹುದು. ಎಂಜಿನ್ ಬದಲಾದರೆ ಹದಿನಾಲ್ಕು ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿಯಲ್ಲಿ ನಮೂದು ಮಾಡಿಸಬೇಕು. ವ್ಯವಹಾರದಲ್ಲಿ ಜಾಣತನವೆಂದರೆ ಹಣ ಕೊಡುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ, ತರಲಿರುವ ಎಂಜಿನ್ನಿನ ವಿವರ ತೋರಿಸಿ, ಅನುಮತಿ ಸಿಗುತ್ತದೆಯೇ ಎಂದು ಕೇಳಿ ಅರ್ಜಿ ಕೊಡುವುದು. ಅದೇ ಮಾದರಿಯ ಎಂಜಿನ್ನಿಗೆ ದಾರಿ ಸುಗಮ, ಆಲ್ಟೊದ್ದಕ್ಕೆ ಪ್ರಶ್ನೆಗಳು ಬರುತ್ತವೆ, ಹೆಚ್ಚು ಸಿಸಿಯದಕ್ಕೆ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ ಎಂದೇ ತಿಳಿದು ಹೊರಡಿ.

ಗುಜರಿಯ ಎಂಜಿನ್ ಕೊಳ್ಳುವವರು ಜಿಎಸ್‌ಟಿ ಬಿಲ್ಲಿನ ಜೊತೆಗೆ, ಆ ಎಂಜಿನ್ ಯಾವ ಕಾರಿನಿಂದ ಬಂತೋ ಅದರ ಆರ್‌ಸಿಯ ಪ್ರತಿಯನ್ನೂ ಕೇಳಿ ಪಡೆಯಬೇಕು. ಬ್ಲಾಕಿನ ಮೇಲಿನ ನಂಬರನ್ನು ಬಟ್ಟೆಯಿಂದ ಉಜ್ಜಿ, ಬೆಳಕು ಹಿಡಿದು ಓದಿ; ಅಕ್ಷರಗಳ ಸುತ್ತ ಗ್ರೈಂಡರ್ ಓಡಿದ ಗೆರೆಗಳಿದ್ದರೆ, ಒಂದು ಅಂಕಿ ಆಳ ಮತ್ತೊಂದು ತೇಲು ಇದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ ಅಲ್ಲಿಂದ ಎದ್ದು ಬನ್ನಿ. ಕದ್ದ ವಾಹನಗಳ ಮಾಹಿತಿಯನ್ನು ಎಂಜಿನ್ ನಂಬರಿನಿಂದಲೇ ಹುಡುಕಿ ನೋಡಲು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ‘ವಾಹನ್ ಸಮನ್ವಯ್’ ಸೌಲಭ್ಯವಿದೆ. ಅಲ್ಲಿ ಸಿಗುವ ವರದಿಯ ಒಂದು ಪ್ರತಿಯನ್ನು ಫೈಲಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಆರ್‌ಸಿಯಲ್ಲಿ ನಮೂದಾದ ಮೇಲೆ ವಿಮಾ ಕಂಪನಿಗೂ ಪತ್ರ ಬರೆದು ಪಾಲಿಸಿಯಲ್ಲಿ ಹೊಸ ನಂಬರು ಸೇರಿಸಬೇಕು, ಇಲ್ಲದಿದ್ದರೆ ಕ್ಲೇಮಿನ ಹೊತ್ತಿಗೆ ಮೊದಲ ತಕರಾರೇ ಅಲ್ಲಿಂದ ಏಳುತ್ತದೆ.

ಇದೆಲ್ಲ ಯಾರು ನೋಡುತ್ತಾರೆ ಎನ್ನುವವರಿಗೆ ಒಂದು ಮಾತು. ದೆಹಲಿಯಲ್ಲಿ ಹಳೆಯ ಕಾರುಗಳಿಗಿರುವಂಥ ನಿರ್ಬಂಧ ಕರ್ನಾಟಕದಲ್ಲಿಲ್ಲ; ಹದಿನೈದು ವರ್ಷ ತುಂಬಿದ ಖಾಸಗಿ ಕಾರನ್ನು ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. 2022ರ ಏಪ್ರಿಲ್‌ನಿಂದ ಕಾರಿನ ನೋಂದಣಿ ನವೀಕರಣ ಶುಲ್ಕ 5,000 ರೂಪಾಯಿ ಆಗಿತ್ತು; 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು. ತಪಾಸಣೆಯ ದಿನ ಇನ್‌ಸ್ಪೆಕ್ಟರ್ ಚಾಸಿಸ್ ನಂಬರಿನ ಜೊತೆಗೆ ಬಾನೆಟ್ ಎತ್ತಿಸಿ ಎಂಜಿನ್ ನಂಬರನ್ನೂ ತಾಳೆ ನೋಡುತ್ತಾರೆ. ಮುಂದಿನ ನವೀಕರಣ ಹತ್ತಿರವಿರುವ ಕಾರಿಗೆ ದಾಖಲೆಯಿಲ್ಲದ ಎಂಜಿನ್ ಹಾಕಿಸುವುದು ಹಣವನ್ನು ನೀರಿಗೆ ಹಾಕಿದಂತೆ.

ಯಾರಿಗೆ ಯಾವುದು

ಬ್ಲಾಕ್ ಸೀಳಿಲ್ಲ, ಕ್ರಾಂಕ್ ತುಂಡಾಗಿಲ್ಲ, ಒಂದೆರಡು ವಾರ ಕಾರಿಲ್ಲದೆ ನಡೆಯುತ್ತದೆ ಎಂದಾದರೆ ಇರುವುದನ್ನೇ ಕಟ್ಟಿಸಿ. ಕಾರ್ಬ್ಯುರೇಟರ್ 800 ಇಟ್ಟುಕೊಂಡ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಬ್ಲಾಕ್ ಹೋಗಿದ್ದರೆ ಅದೇ ಮಾದರಿಯ, ಕಾಗದವಿರುವ ಗುಜರಿ ಎಂಜಿನ್ ತಂದು, ಹಾಕುವ ಮೊದಲು ಕನಿಷ್ಠ ಹೆಡ್ ಮತ್ತು ಸಂಪ್ ಬಿಚ್ಚಿಸಿ ನೋಡಿ, ರಿಂಗು, ಬೇರಿಂಗು, ಸೀಲುಗಳನ್ನು ಹೊಸದು ಮಾಡಿ. ಎಂಪಿಎಫ್ಐ 800 ಇದ್ದು, ಹೆದ್ದಾರಿಯ ಓಡಾಟ ಹೆಚ್ಚಿದ್ದು, ಆರ್‌ಟಿಒ ಅನುಮತಿ ಮೊದಲೇ ಕೈಗೆ ಸಿಕ್ಕಿದ್ದರೆ ಆಲ್ಟೊದ ಎಂಜಿನ್ ನೋಡಬಹುದು. ಇವೆಲ್ಲಕ್ಕೂ ಮುಂಚೆ ಕಾರನ್ನು ರ‍್ಯಾಂಪಿನ ಮೇಲೆ ಎತ್ತಿಸಿ ಕೆಳಗಿನಿಂದ ನೋಡಿ. ಸ್ಕ್ರೂಡ್ರೈವರಿನ ತುದಿ ಒತ್ತಿದರೆ ನೆಲದ ತಗಡಿನೊಳಗೆ ಇಳಿಯುವಂತಿದ್ದರೆ, ಸಸ್ಪೆನ್ಷನ್ ಕೂರುವ ಜಾಗಗಳೇ ತುಕ್ಕು ತಿಂದಿದ್ದರೆ, ಮೇಲಿನ ಯಾವ ಆಯ್ಕೆಯೂ ಬೇಡ. ಆ ಕಾರನ್ನು ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ಪಡೆಯುವುದೇ ಸರಿ.

ಯಾವುದನ್ನೇ ಹಾಕಿಸಿದರೂ, ರೇಡಿಯೇಟರ್ ಬಿಚ್ಚಿಸಿ ತೊಳೆಸಿ ಅಥವಾ ಬದಲಿಸಿ, ಥರ್ಮೋಸ್ಟಾಟ್ ಹೊಸದು ಹಾಕಿ, ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿದ ಕೂಲೆಂಟನ್ನೇ ತುಂಬಿಸಬೇಕು. ಹೊಸ ರಿಂಗು ಹಾಕಿದ ಎಂಜಿನ್ನನ್ನು ಮೊದಲ 1,000 ಕಿ.ಮೀ. ತುಂಬ ಭಾರ ಹೇರದೆ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಎಳೆಯದೆ, ಏರಿಳಿಯುವ ವೇಗದಲ್ಲಿ ಓಡಿಸಬೇಕು. ತೀರ ಮೆಲ್ಲಗೆ, ಮೇಲಿನ ಗೇರಿನಲ್ಲಿ ಮುಕ್ಕರಿಸುತ್ತ ಓಡಿಸಿದರೂ ರಿಂಗು ಸರಿಯಾಗಿ ಕೂರುವುದಿಲ್ಲ. ಆ ಮೊದಲ ಓಟದಲ್ಲಿ ಸವೆದ ಲೋಹದ ಪುಡಿಯೆಲ್ಲ ಆಯಿಲಿನಲ್ಲಿ ಸೇರಿರುವುದರಿಂದ, 1,000 ಕಿ.ಮೀ. ಆದೊಡನೆ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿ, ಎಂಜಿನ್ ತಣ್ಣಗಿರುವಾಗ ವಾಲ್ವ್ ಕ್ಲಿಯರೆನ್ಸ್ ಮತ್ತೊಮ್ಮೆ ನೋಡಿಸಿ, ಕಂಪ್ರೆಷನ್ನಿನ ಮೂರು ಅಂಕಿಗಳನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಮುಂದೆ ಏನಾದರೂ ತೊಂದರೆ ಬಂದಾಗ ಮೆಕ್ಯಾನಿಕ್‌ಗೆ ಹೋಲಿಸಿ ನೋಡಲು ಬೇಕಾಗುವುದು ಆ ಮೂರು ಅಂಕಿಗಳೇ.